ಅಮೆರಿಕದಲ್ಲಿ ಕಪ್ಪು ಜನರ ಜಮೀನನ್ನು ಕಾನೂನಿನ ಮೂಲಕವೇ ಕಿತ್ತುಕೊಂಡರು ಅಂತಾರಲ್ಲ, ಹೇಗೆ?

ಹಲವು ಕಡೆ ಒಂದು ಭೂಸ್ವಾಧೀನದ ನೋಟಿಸೇ ಸಾಕಾಗಿತ್ತು. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನ ಕಥೆ ನೋಡಿ.

1912ರಲ್ಲಿ ವಿಲಾ ಬ್ರೂಸ್ ಎಂಬ ಕಪ್ಪು ಮಹಿಳೆ ಅಲ್ಲಿ ಸಮುದ್ರಕ್ಕೆ ಮುಖಮಾಡಿದ ಸೈಟು ಕೊಂಡರು. ಬೆಲೆ 1,225 ಡಾಲರ್. ಗಂಡ ಚಾರ್ಲ್ಸ್ ರೈಲಿನಲ್ಲಿ ಅಡುಗೆಯವರು. ಬೇರೆ ಬೀಚುಗಳಲ್ಲಿ ಕಪ್ಪು ಜನರನ್ನು ಹತ್ತಿರ ಸೇರಿಸದ ಕಾಲದಲ್ಲಿ, ದಂಪತಿ ಇಲ್ಲಿ ಊಟ, ಸ್ನಾನದ ಕೋಣೆ, ನೃತ್ಯದ ಹಾಲ್ ಎಲ್ಲ ಒದಗಿಸಿದರು. ದೂರದೂರದಿಂದ ಸಂಸಾರಸಮೇತ ಜನ ಬರತೊಡಗಿದರು.

ಬಿಳಿಯ ನೆರೆಹೊರೆಯವರಿಗೆ ಇದು ಸಹಿಸಲಿಲ್ಲ. ಬಂದವರ ಕಾರಿನ ಟೈರು ಕೊಯ್ದರು. ‘ಹತ್ತೇ ನಿಮಿಷ ಪಾರ್ಕಿಂಗ್’ ಅನ್ನುವ ಸುಳ್ಳು ಬೋರ್ಡು ನೆಟ್ಟರು. ಇಷ್ಟಕ್ಕೂ ಬ್ರೂಸ್ ದಂಪತಿ ಜಗ್ಗದಿದ್ದಾಗ, 1924ರಲ್ಲಿ ನಗರಸಭೆಯೇ ಪಾರ್ಕ್ ಮಾಡುತ್ತೇವೆಂದು ಸ್ವಾಧೀನಕ್ಕೆ ಇಳಿಯಿತು. ಕೊಟ್ಟ ಪರಿಹಾರ 14,500 ಡಾಲರ್. ಪಾರ್ಕು ಮಾತ್ರ ಕೂಡಲೇ ಆಗಲಿಲ್ಲ, ಜಾಗ ದಶಕಗಟ್ಟಲೆ ಪಾಳುಬಿದ್ದಿತ್ತು. ಪಾರ್ಕು ಬರೀ ನೆಪ ಅನ್ನಲು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸ್ವಂತ ಹೋಟೆಲ್ ನಡೆಸಿದ್ದ ಗಂಡಹೆಂಡತಿ ಕೊನೆಯವರೆಗೂ ಬೇರೆಯವರ ಅಡುಗೆಮನೆಯಲ್ಲಿ ದುಡಿದರು.

2021ರಲ್ಲಿ ಬ್ರೂಸ್ ಕುಟುಂಬಕ್ಕೆ ಜಾಗ ಮರಳಿಸಲೆಂದು ರಾಜ್ಯ ವಿಶೇಷ ಕಾಯ್ದೆ ತಂದಿತು. ಆಗ ಜಾಗದ ಒಡೆತನ ಇದ್ದದ್ದು ಲಾಸ್ ಏಂಜಲೀಸ್ ಕೌಂಟಿಯ (ಜಿಲ್ಲಾಡಳಿತದ) ಬಳಿ. 2022ರಲ್ಲಿ ಅದು ವಾರಸುದಾರರಿಗೆ ಹಕ್ಕುಪತ್ರ ಒಪ್ಪಿಸಿತು. ಮರುವರ್ಷ ಅವರು ಸುಮಾರು 2 ಕೋಟಿ ಡಾಲರಿಗೆ ಕೌಂಟಿಗೇ ಮಾರಿದರು. ಅಂದು ಪಕ್ಕದ ಇತರ ಕಪ್ಪು ಕುಟುಂಬಗಳ ಸೈಟುಗಳನ್ನೂ ಕಸಿದಿದ್ದರು. ಆ ನೆಲ ಇವತ್ತಿಗೂ ನಗರಸಭೆಯ ಪಾರ್ಕಾಗಿಯೇ ಇದೆ.