ಎಂತ ಕೆಲಸವೂ ಇಲ್ಲ, ಮನೇಲೇ ಇರ್ತೀನಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲೂಕಿನವಳು. ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಕಡೆ ಹೆಂಗಸರ ದುಡಿಮೆ ಮತ್ತು ಗಳಿಕೆ ಬಗ್ಗೆ ಸಮೀಕ್ಷೆ ಮಾಡಬೇಕು. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದರೆ 500 ಉತ್ತರ ಸುಲಭವಾಗಿ ಬರುತ್ತದೆ. ಅಷ್ಟು ಸಾಕಲ್ವಾ ಮೇಡಂ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಸಾಲದು ತಂಗಿ. ಸಂಖ್ಯೆ ಕಡಿಮೆ ಅಂತ ಹೇಳುತ್ತಿಲ್ಲ. ಆ 500 ಜನ ಯಾರು ಅನ್ನುವುದು ಮುಖ್ಯ. ಸ್ವಂತ ಫೋನ್ ಇದ್ದವರು, ಮನೆ ಹತ್ತಿರ ನೆಟ್‌ವರ್ಕ್ ಸಿಗುವವರು, ಫಾರ್ಮ್ ತುಂಬಲು ಬಿಡುವಿದ್ದವರು. ನೀವು ಹುಡುಕುವ ಹೆಂಗಸು ಆ ಹೊತ್ತಿಗೆ ತೋಟದಲ್ಲೋ ಕೊಟ್ಟಿಗೆಯಲ್ಲೋ ಇರುತ್ತಾಳೆ.

1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾಗದ ಕಳಿಸಿ, ಅಧ್ಯಕ್ಷರ ಚುನಾವಣೆಯಲ್ಲಿ ಯಾರಿಗೆ ಓಟು ಅಂತ ಕೇಳಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದವರು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಬಡವರು ಆ ಪಟ್ಟಿಗಳಲ್ಲಿ ಕಡಿಮೆ ಇದ್ದರು. ಉತ್ತರ ಬರೆಯದೆ ಬಿಟ್ಟವರ ಮನಸ್ಸಿನಲ್ಲಿ ಏನಿತ್ತು ಅನ್ನುವುದೂ ಲೆಕ್ಕಕ್ಕೆ ಬರಲಿಲ್ಲ.

ನೀವು 120 ಮನೆ ಮಾಡಿ, ಆದರೆ ಸರಿಯಾಗಿ ಆರಿಸಿ. ಅಂಗನವಾಡಿಯಲ್ಲಿ ಮನೆಗಳ ಪಟ್ಟಿ ಸಿಗುತ್ತದೆ. 600 ಮನೆ ಇದ್ದರೆ 1ರಿಂದ 5ರೊಳಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಐದನೇ ಮನೆ. ಹೀಗೆ ಆರಿಸಿದರೆ ಶೇಕಡಾವಾರು ಲೆಕ್ಕ ಸುಮಾರು 8ರಷ್ಟು ಆಚೀಚೆ ಆಗಬಹುದು. 5ಕ್ಕೆ ಇಳಿಸಬೇಕಾದರೆ ಆ 600ರಲ್ಲಿ ಸುಮಾರು 235 ಮನೆ ಬೇಕು. ಒಬ್ಬರೇ ನಡೆದು ಮಾಡುವ ಪ್ರಾಜೆಕ್ಟಿಗೆ 120 ಒಳ್ಳೆಯದೇ. ಬೀಗ ಹಾಕಿದ ಮನೆಗೆ ಸಂಜೆ ಇನ್ನೊಮ್ಮೆ ಹೋಗಿ, ಪಕ್ಕದ ಮನೆಗೆ ಜಾರಬೇಡಿ. ನಮ್ಮ ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗದ್ದೆ, ಹಳ್ಳ, ಏರು ಇರುತ್ತದೆ. ಕಾಲು ತಾನಾಗಿ ಬಸ್ ನಿಲ್ಲುವ ರಸ್ತೆ ಕಡೆಗೇ ಎಳೆಯುತ್ತದೆ. ಆಮೇಲೆ ನಿಮ್ಮ ಸಮೀಕ್ಷೆಯಲ್ಲಿ ರಸ್ತೆ ಬದಿಯ ಮನೆಗಳೇ ತುಂಬಿರುತ್ತವೆ.

ಇನ್ನು ಪ್ರಶ್ನೆಗಳು. ನೀವು ಕಳಿಸಿದ ಪಟ್ಟಿಯಲ್ಲಿ ಮೊದಲನೆಯದು ‘ನಿಮ್ಮ ಉದ್ಯೋಗವೇನು?’. ಅದನ್ನು ನೋಡಿ ನನಗೆ ಹಳೆಯ ನೋವು ನೆನಪಾಯಿತು. ತೊಂಬತ್ತರ ದಶಕದಲ್ಲಿ ನಾನು ಹೊಸನಗರದ ಕಡೆ ಇದೇ ಪ್ರಶ್ನೆ ಹಿಡಿದು ಮನೆ ಮನೆ ಸುತ್ತಿದ್ದೆ. ಒಂದು ಮನೆಯ ಜಗುಲಿಯಲ್ಲಿ ಒಬ್ಬರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಕೈಯೆಲ್ಲ ಕಪ್ಪು. ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು, “ಎಂತ ಕೆಲಸವೂ ಇಲ್ಲ ಅಕ್ಕಾ, ಮನೇಲೇ ಇರ್ತೀನಿ.” ನಾನು ‘ಗೃಹಿಣಿ’ ಅಂತ ಬರೆದುಕೊಂಡೆ. ರಾತ್ರಿ ಹಾಳೆಗಳನ್ನು ತಿರುವಿದರೆ ಬಹುಪಾಲು ಅದೇ ಪದ. ಅವರ ಇಡೀ ಸುಗ್ಗಿಯ ದುಡಿಮೆಯನ್ನು ನನ್ನ ಪೆನ್ನೇ ಅಳಿಸಿತ್ತು.

ಮಾರನೇ ವಾರ ವಾಪಸ್ ಹೋದೆ. ಈ ಸಲ “ನಿನ್ನೆ ಎದ್ದಾಗಿನಿಂದ ಏನೇನು ಮಾಡಿದ್ರಿ?” ಅಂತ ಕೇಳಿದೆ. ಹಾಲು ಕರೆದದ್ದು, ಸೊಪ್ಪು ತಂದದ್ದು, ರಾತ್ರಿ ಹನ್ನೊಂದರವರೆಗೆ ಸುಲಿದದ್ದು ಎಲ್ಲ ಬಂತು. ಪಕ್ಕದ ಮನೆಗೆ ಮುಯ್ಯಾಳು, ಅಂದರೆ ಕೆಲಸಕ್ಕೆ ಬದಲು ಕೆಲಸ ಅಂತ, ಹೋದದ್ದೂ ಬಂತು. ಮುಯ್ಯಿಗೆ ದುಡ್ಡಿಲ್ಲ, ಹಾಗಾಗಿ ನನ್ನ ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

‘ತಿಂಗಳ ಆದಾಯ’ ಅಂತಲೂ ಕೇಳಬೇಡಿ. ಅಡಿಕೆ ಸುಲಿಯುವ ಕೂಲಿ ಸುಲಿದಷ್ಟಕ್ಕೆ ಸಿಗುವುದು, ತಿಂಗಳ ಲೆಕ್ಕ ಅವರಲ್ಲಿಲ್ಲ. “ಕೊನೇ ಸಲ ದುಡ್ಡು ಸಿಕ್ಕಿದ್ದು ಯಾವಾಗ, ಎಷ್ಟು, ಯಾರ ಕೈಗೆ ಕೊಟ್ಟರು?” ಅಂತ ಕೇಳಿ. ಯಾರ ಕೈಗೆ ಅನ್ನುವುದನ್ನು ಬಿಡಲೇಬೇಡಿ. ಅದನ್ನು ಗಂಡ, ಅತ್ತೆ ಎದುರಿಗಿಲ್ಲದಾಗ, ಹಿತ್ತಲಲ್ಲಿ ಕೂತು ಕೇಳಿ. ಮೊದಲು ಬೇರೆ ಊರಿನ ಎಂಟು ಹತ್ತು ಮನೆಯಲ್ಲಿ ಪ್ರಶ್ನೆಗಳನ್ನು ಕೇಳಿ ನೋಡಿ. ಅಲ್ಲಿ ತಡವರಿಸಿದ ಪ್ರಶ್ನೆಗಳನ್ನು ತಿದ್ದಿ. ಆ ಉತ್ತರಗಳನ್ನು ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ನಾವು ಸರ್ವೆಗೆ ಬಂದಿದ್ದೇವೆ ಅಂದ ಕೂಡಲೇ ಜನ ಮಾತು ನಿಲ್ಲಿಸುತ್ತಾರೆ. ಜಮೀನು ಎಷ್ಟು ಅಂದರೆ ಪಹಣಿಯಲ್ಲಿ ಇದ್ದಷ್ಟೇ ಹೇಳುತ್ತಾರೆ. ಏನು ಮಾಡುವುದು?
– ಓದುಗರು, ಸಾಗರ

ಉತ್ತರ: ‘ಸರ್ವೆ’ ಅನ್ನುವ ಪದವನ್ನೇ ಬಿಡಿ. ನಮ್ಮೂರುಗಳಲ್ಲಿ ಸರ್ವೆ ಅಂದರೆ ಚೈನು ಹಿಡಿದು ಜಮೀನು ಅಳೆಯುವವರು. ಸಾಗುವಳಿ ಮಾಡಿದ ಸರ್ಕಾರಿ ಜಮೀನು ಸಕ್ರಮವಾಗಲಿ ಅಂತ ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ, ಕಾಡಂಚಿನಲ್ಲಿ ತೋಟ ಮಾಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಆ ಭಯ ಸುಳ್ಳಲ್ಲ. “ಮನೆ ವಿಚಾರ ಕೇಳಿ ತಿಳಿಯೋಕೆ ಬಂದಿದ್ದೀವಿ” ಅನ್ನಿ. ಯಾರು ಕಳಿಸಿದ್ದು, ಯಾತಕ್ಕೆ ಅಂತ ಮೊದಲೇ ಬಿಡಿಸಿ ಹೇಳಿ. ಹೆಸರಿನ ಹಾಳೆ ಬೇರೆ, ಉತ್ತರದ ಹಾಳೆ ಬೇರೆ ಇರಲಿ, ಅದನ್ನು ಅವರಿಗೆ ತೋರಿಸಿ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡದಿದ್ದರೂ ಆಯಿತು ಅಂತ ಮೊದಲೇ ಹೇಳಿ.

ಜಮೀನಿನ ಲೆಕ್ಕ ನಿಮ್ಮ ವಿಷಯಕ್ಕೆ ನಿಜವಾಗಿ ಬೇಕಾ? ಸುಮ್ನೆ ಫಾರ್ಮಿನಲ್ಲಿ ಇರಲಿ ಅಂತ ಹಾಕಿದ್ದರೆ ಇವತ್ತೇ ತೆಗೆದುಹಾಕಿ. ಬೇಕೇ ಬೇಕು ಅಂದರೆ ಕೊನೆಯಲ್ಲಿ ಕೇಳಿ, ಚಹಾ ಕುಡಿದಾದ ಮೇಲೆ.