ಓದುಗರ ಪ್ರಶ್ನೆಗಳು: ಮಾರ್ಟರ್ ಹೊತ್ತ ಹಾಫ್‌ಟ್ರ್ಯಾಕ್‌ಗಳನ್ನು ಗುರುತಿಸುವುದು

ಪ್ರಶ್ನೆ: ಎರಡನೇ ಮಹಾಯುದ್ಧದ ಅಮೆರಿಕನ್ ಹಾಫ್‌ಟ್ರ್ಯಾಕ್‌ಗಳಲ್ಲಿ (ಮುಂದೆ ಚಕ್ರ, ಹಿಂದೆ ಟ್ಯಾಂಕಿನಂಥ ಟ್ರ್ಯಾಕ್ ಇರುವ ಕವಚದ ಗಾಡಿಗಳು) ಮಾರ್ಟರ್ (ಗುಂಡನ್ನು ಎತ್ತರಕ್ಕೆ ಹಾರಿಸುವ ಗಿಡ್ಡ ಫಿರಂಗಿ) ಹಿಂದಕ್ಕೆ ಮುಖ ಮಾಡಿದ್ದರೆ ಎಂ4, ಮುಂದಕ್ಕಾದರೆ ಎಂ21. ಇಷ್ಟು ನೋಡಿದರೆ ಸಾಕಲ್ಲವೇ?

ಉತ್ತರ: ಸಾಲದು. ಕಾರ್ಖಾನೆಯಿಂದ ಬಂದ ಗಾಡಿಯ ಮಟ್ಟಿಗೆ ಅದು ಸರಿ. ಆದರೆ ಅಮೆರಿಕದ 2ನೇ ಆರ್ಮರ್ಡ್ ಡಿವಿಷನ್‌ನವರು ತಮ್ಮ ಎಂ4ಗಳಲ್ಲಿ ಮಾರ್ಟರನ್ನು ಮುಂದಕ್ಕೆ ತಿರುಗಿಸಿ ಕೂರಿಸಿಕೊಂಡಿದ್ದರು. ಅಲ್ಲದೆ ಪಕ್ಕದಿಂದ ತೆಗೆದ ಚಿತ್ರದಲ್ಲಿ 81 ಮಿ.ಮೀ. ಮಾರ್ಟರಿನ ನಳಿಕೆ ಬದಿಯ ಕವಚದ ಮರೆಯಲ್ಲೇ ಉಳಿದುಬಿಡುತ್ತದೆ. ಹಾಗಾಗಿ ಮಾರ್ಟರ್ ಬಿಟ್ಟು ಗಾಡಿಯ ಒಡಲು ನೋಡಿ.

ಎಂ4 ಕಟ್ಟಿದ್ದು ಎಂ2 ಗಾಡಿಯ ಮೇಲೆ. ಅದರಲ್ಲಿ ಚಾಲಕನ ಬಾಗಿಲಿನ ಹಿಂದೆ, ಎರಡೂ ಬದಿಗಳಲ್ಲಿ, ಹೊರಗಿನಿಂದಲೇ ತೆರೆಯುವ ಮದ್ದುಗುಂಡಿನ ಪೆಟ್ಟಿಗೆಯ ಬಾಗಿಲಿರುತ್ತದೆ. ಎಂ21ಕ್ಕೆ ಆಧಾರವಾದ ಎಂ3ರಲ್ಲಿ ಅದಿಲ್ಲ. ಬದಿಯ ತಗಡು ಅಲ್ಲಿ ಸಪಾಟು. ಸಾಮಾನು ಸರಂಜಾಮು ನೇತುಹಾಕಿ ಆ ಜಾಗ ಮುಚ್ಚಿದ್ದರೆ ಹಿಂತುದಿಗೆ ಹೋಗಿ. ಚಕ್ರಾಂತರ ಎರಡಕ್ಕೂ ಒಂದೇ. ಆದರೆ ಎಂ3ರ ಒಡಲು ಟ್ರ್ಯಾಕಿನಿಂದಾಚೆಗೆ ಸುಮಾರು ಒಂದು ಗೇಣು ಹೆಚ್ಚು ಚಾಚಿರುತ್ತದೆ. ಎಂ21ರ ಹಿಂಭಾಗದಲ್ಲಿ ಕಂಬದ ಮೇಲೆ 0.50 ಅಂಗುಲದ ಮಷಿನ್‌ಗನ್ ಕೂಡ ಕಾಣಬೇಕು.

ತಯಾರಾದ ಗಾಡಿಗಳ ಸಂಖ್ಯೆಯನ್ನೂ ಮನಸ್ಸಿನಲ್ಲಿಡಿ: ಎಂ4 572, ಅದರ ಸುಧಾರಿತ ರೂಪ ಎಂ4ಎ1 600, ಎಂ21 ಬರೀ 110, ಅದೂ 1944ರಲ್ಲಿ. ಅನುಮಾನವಿದ್ದಾಗ ಎಂ21 ಎನ್ನಲು ಆತುರಪಡಬೇಡಿ.

ಪ್ರಶ್ನೆ: ಎಂ4, ಎಂ4ಎ1 ನಡುವೆ?

ಉತ್ತರ: ಹೊರಗಿನ ಚಿತ್ರದಿಂದ ಹೇಳುವುದು ಕಷ್ಟ. ಎಂ4ರ ಮಾರ್ಟರನ್ನು ನೆಲಕ್ಕಿಳಿಸಿ ಹಾರಿಸಬೇಕೆಂಬುದೇ ಮೂಲ ಯೋಜನೆ. ಗಾಡಿಯೊಳಗಿಂದ ಹಾರಿಸುವುದು ತುರ್ತಿಗೆ ಮಾತ್ರ. ಎಂ4ಎ1ರಲ್ಲಿ ಒಳಗಿಂದಲೇ ಹಾರಿಸುವಂತೆ ತಳ ಗಟ್ಟಿಮಾಡಿ, ನಳಿಕೆ ಎಡಬಲಕ್ಕೆ ಹೆಚ್ಚು ತಿರುಗುವಂತೆ ಮಾಡಿದರು. ಮೇಲಿನಿಂದ ತೆಗೆದ ಚಿತ್ರ ಬೇಕು.

ಪ್ರಶ್ನೆ: ಪ್ರದರ್ಶನದಲ್ಲಿದ್ದ ಒಂದು ‘ಎಂ21’ರ ಹಿಂಬದಿಯ ಮೂಲೆಗಳು ದುಂಡಗಿದ್ದವು. ಅಸಲಿಯೇ?

ಉತ್ತರ: ಅಲ್ಲ. ದುಂಡು ಮೂಲೆ, ಬೆಸುಗೆ ಹಾಕಿದ ಕವಚ, ಚಪ್ಪಟೆ ಮಡ್‌ಗಾರ್ಡ್ ಇವು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಎಂ5, ಎಂ9ಗಳ ಗುರುತು. ಎಂ21 ವೈಟ್ ಕಂಪನಿಯದು: ಚೌಕ ಮೂಲೆ, ಬೋಲ್ಟ್‌ಗಳ ಸಾಲು ಎದ್ದು ಕಾಣುವ ತಗಡು. ಮಾರ್ಟರನ್ನು ಆಮೇಲೆ ಯಾರೋ ಇಟ್ಟಿರಬೇಕು. ಒಳಗಿರುವುದು 120 ಮಿ.ಮೀ. ಆಗಿದ್ದರೆ ಮಾತ್ರ ಬೇರೆ ವಿಷಯ: ಇಸ್ರೇಲಿ ಸೇನೆ ಹಳೆಯ ಹಾಫ್‌ಟ್ರ್ಯಾಕ್‌ಗಳಲ್ಲಿ ಇಸ್ರೇಲಿನ ಸೋಲ್ಟಾಮ್ ಕಂಪನಿಯ ಮಾರ್ಟರ್ ಕೂರಿಸಿತ್ತು.