ಮೂವರು ಸೇರಿ ಮೈಸೂರಲ್ಲಿ ಬಾಡಿಗೆ ಮನೆ ಕೊಳ್ಳಲು: ಕಂಪನಿಯೋ, ಪಾಲುದಾರಿಕೆಯೋ?

ಅಣ್ಣ, ತಂಗಿ ಜೊತೆ ಸೇರಿ ಮೈಸೂರಲ್ಲಿ ಬಾಡಿಗೆಗೆ ಕೊಡಲು ಮನೆ ಕೊಳ್ಳಬೇಕು, ಅದಕ್ಕೆ ಕಂಪನಿ ಮಾಡಬೇಕೋ ಪಾಲುದಾರಿಕೆಯೋ, ಅಪ್ಪನ ಸೈಟನ್ನೂ ಸೇರಿಸಬಹುದೋ ಅಂತ ಕೇಳಿದ್ದೀರಿ. ನೀವು ಗೊಂದಲಕ್ಕೆ ಬಿದ್ದಿರುವುದು ಎರಡು ಬೇರೆ ಕೆಲಸಗಳನ್ನು ಒಂದೇ ಅಂದುಕೊಂಡಿದ್ದರಿಂದ. ಮನೆ ಕೊಂಡು ಬಾಡಿಗೆಗೆ ಕೊಡುವುದು ಬೇರೆ, ಸೈಟ್ ಕೊಂಡು ಮಾರುತ್ತಾ ಹೋಗುವುದು ಬೇರೆ. ಮೊದಲು ಅದನ್ನು ತೀರ್ಮಾನಿಸಿ.

ಬರೀ ಬಾಡಿಗೆಯಾದರೆ ಕಂಪನಿ ಬೇಡ. ಅಣ್ಣ, ನೀವು, ತಂಗಿ ಮೂವರ ಹೆಸರಲ್ಲೇ ಜಂಟಿಯಾಗಿ ಕೊಳ್ಳಿ. ಪಾಲು ಖಚಿತವಾಗಿದ್ದರೆ ಬಾಡಿಗೆ ಆದಾಯ ಅವರವರ ಲೆಕ್ಕಕ್ಕೇ ಹೋಗುತ್ತದೆ, ತೆರಿಗೆ ಅವರವರ ಸ್ಲ್ಯಾಬ್‌ನಂತೆ, ಅಂದರೆ ಆದಾಯ ಏರಿದಂತೆ ಏರುವ ದರದಲ್ಲಿ. ಪಾಲುದಾರಿಕೆ ಸಂಸ್ಥೆಗೂ ಎಲ್‌ಎಲ್‌ಪಿಗೂ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ) ಸ್ಲ್ಯಾಬ್ ಇಲ್ಲ, ನೇರ 30% ತೆರಿಗೆ, ಮೇಲೆ ಸೆಸ್.

ಸೇಲ್ ಡೀಡ್‌ನಲ್ಲಿ ಯಾರದು ಎಷ್ಟು ಪಾಲು ಅಂತ ದಯವಿಟ್ಟು ಬರೆಸಿ. ನಾವು ಕೊಂಡ ಮನೆಯ ಡೀಡ್‌ನಲ್ಲಿ ಮೂರು ಹೆಸರಿತ್ತು, ಪಾಲು ಇರಲಿಲ್ಲ. ನಾಲ್ಕು ವರ್ಷ ಆದ ಮೇಲೆ ಊಟದ ಮೇಜಿನ ಮೇಲೆ ಹಳೇ ಪಾಸ್‌ಬುಕ್ ಹರಡಿಕೊಂಡು, ಯಾರು ಎಷ್ಟು ಹಾಕಿದ್ದು ಅಂತ ಹುಡುಕುತ್ತಾ ಕೂತೆವು. ನನ್ನ ತಂಗಿ ಅವತ್ತು ಅತ್ತುಬಿಟ್ಟಳು. ಹಾಗಾಗಿ ಹಣ ಅವರವರ ಖಾತೆಯಿಂದಲೇ ಮಾರುವವರಿಗೆ ಹೋಗಲಿ. ಒಬ್ಬರು ಹೊರಬಂದರೆ ಬೆಲೆ ಹೇಗೆ ಕಟ್ಟುವುದು ಅಂತ ಒಂದು ಒಪ್ಪಂದವೂ ಇರಲಿ.

ಕೊಂಡು ಮಾರುವುದೇ ಜಾಸ್ತಿಯಾದರೆ ಎಲ್‌ಎಲ್‌ಪಿ ಮಾಡಿ. ಮಾಮೂಲಿ ಪಾಲುದಾರಿಕೆಯಲ್ಲಿ ಸಾಲ ನಿಮ್ಮ ಸ್ವಂತ ಮನೆಯವರೆಗೂ ಬರಬಹುದು. ಆದರೆ ಎಲ್‌ಎಲ್‌ಪಿಗೆ ಸಾಲ ಕೊಡುವಾಗಲೂ ಬ್ಯಾಂಕಿನವರು ಸಾಮಾನ್ಯವಾಗಿ ನಿಮ್ಮ ವೈಯಕ್ತಿಕ ಜಾಮೀನು ಕೇಳುತ್ತಾರೆ. ವಹಿವಾಟು ಇಲ್ಲದಿದ್ದರೂ ಪ್ರತಿ ವರ್ಷ ಲೆಕ್ಕ ಸಲ್ಲಿಸಲೇಬೇಕು.

ಅಪ್ಪನ ಸೈಟ್ ಪಿತ್ರಾರ್ಜಿತವೋ ಸ್ವಯಾರ್ಜಿತವೋ ನೀವು ಹೇಳಿಲ್ಲ. ಅದನ್ನು ಸುಮ್ನೆ ಇದಕ್ಕೆ ಸೇರಿಸಬೇಡಿ. ಎಲ್‌ಎಲ್‌ಪಿಗೆ ಬಂಡವಾಳವಾಗಿ ಕೊಟ್ಟರೂ ಕ್ಯಾಪಿಟಲ್ ಗೇನ್ಸ್ ತೆರಿಗೆ (ಆಸ್ತಿ ಕೈ ಬದಲಾದಾಗ ಬರುವ ಲಾಭದ ಮೇಲಿನ ತೆರಿಗೆ) ಬೀಳಬಹುದು. ಮುಂಗಡ ಕೊಡುವ ಮೊದಲೇ ಆ ಪತ್ರಗಳನ್ನು ವಕೀಲರಿಗೂ ಆಡಿಟರ್‌ಗೂ ತೋರಿಸಿ.